ಹಲಗೆ ಹಾಕುವವರು ಯಾರು? ಕಾಸರಗೋಡಿನ ನೀರು ಮತ್ತು ನೀರಿನ ಕೆಲಸ

ನಮ್ಮ ತೋಟದ ಕೆಳಗೆ ಹರಿಯುವ ತೋಡಿಗೆ ಒಂದು ಕಿಂಡಿ ಅಣೆಕಟ್ಟು ಇದೆ. ಇಲಾಖೆಯ ಕಾಗದದಲ್ಲಿ ಅದಕ್ಕೆ ವಿಸಿಬಿ (ವೆಂಟೆಡ್ ಕ್ರಾಸ್ ಬಾರ್) ಅಂತ ಹೆಸರು. ಕಾಂಕ್ರೀಟು ಗಟ್ಟಿಯಾಗಿದೆ. ಕಂಬಗಳು ನೆಟ್ಟಗಿವೆ. ಯಾವ ವರ್ಷ, ಯಾವ ಯೋಜನೆ, ಎಷ್ಟು ಲಕ್ಷ ಅಂತ ಕೆತ್ತಿದ ಕಲ್ಲನ್ನು ಈಗಲೂ ಓದಬಹುದು. ಇಲ್ಲದ್ದು ಹಲಗೆ ಮಾತ್ರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಿಂಡಿ ಅಣೆಕಟ್ಟು ಅಂದರೆ ತೋಡಿಗೆ ಅಡ್ಡವಾಗಿ ಒಂದು ಸಾಲು ಕಂಬ, ಕಂಬಗಳ ನಡುವೆ ಕಿಂಡಿ. ಮಳೆಗಾಲದಲ್ಲಿ ಕಿಂಡಿ ತೆರೆದಿರಬೇಕು. ಇಲ್ಲದಿದ್ದರೆ ನೆರೆ ನೀರು ದಂಡೆ ಕೊರೆದು ತೋಟಕ್ಕೆ ನುಗ್ಗುತ್ತದೆ. ಮಳೆ ಕಡಿಮೆಯಾದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ಎರಡರ ನಡುವೆ ಮಣ್ಣು ತುಂಬಿ ತುಳಿಯಬೇಕು. ಮುಂದಿನ ಮಳೆಗಾಲಕ್ಕೆ ಮೊದಲು ಅವನ್ನೆಲ್ಲ ಎತ್ತಿ, ತೊಳೆದು, ಒಣಗಿಸಿ, ಹನಿ ಬೀಳದ ಕಡೆ ಇಡಬೇಕು. ಇಷ್ಟೇ ಕೆಲಸ. ಆದರೆ ಆಕಾಶ ನೋಡಿ ಮಾಡುವ ಕೆಲಸ. ಅಕ್ಟೋಬರಿನಲ್ಲೇ ಹಾಕಿದರೆ ತುಲಾ ತಿಂಗಳ ಗುಡುಗು ಮಳೆಗೆ ಮರ, ಕಸ ಎಲ್ಲ ತೇಲಿ ಬಂದು ಹಲಗೆ ಮುರಿಯುತ್ತದೆ. ಡಿಸೆಂಬರ್ ಕೊನೆಗೆ ಹಾಕಿದರೆ ನಿಲ್ಲಿಸಲು ನೀರೇ ಇರುವುದಿಲ್ಲ.

ಒಂದು ವರ್ಷ ನವೆಂಬರಿನಲ್ಲಿ ಆ ಹಲಗೆಗಳನ್ನು ಹುಡುಕಿಕೊಂಡು ಹೊರಟೆ. ಮೊದಲು ಒಂದು ಕಚೇರಿಗೆ ಹೋದೆ. "ಕಟ್ಟಿದ್ದು ನಾವು. ನೋಡಿಕೊಳ್ಳುವುದು ಬಳಕೆದಾರರ ಸಮಿತಿ" ಅಂದರು. ಯಾವ ಸಮಿತಿ ಅಂತ ನೋಡಿದರೆ ಉದ್ಘಾಟನೆಯ ದಿನ ರಚನೆಯಾದ ಸಮಿತಿ. ಅದರ ಅಧ್ಯಕ್ಷರು ತೀರಿಕೊಂಡು ಆರು ವರ್ಷ. ಕಾರ್ಯದರ್ಶಿ ಮಗಳ ಮನೆಗೆಂದು ಬೆಂಗಳೂರಿಗೆ ಹೋದವರು ಅಲ್ಲೇ ಇದ್ದಾರೆ. ಕೊನೆಗೆ ಆಚೆಕರೆಯ ಹಿರಿಯರೊಬ್ಬರನ್ನು ಕೇಳಿದೆ. "ಹಲಗೆಯಾ? ನಾಲ್ಕೈದು ನಮ್ಮ ಹಟ್ಟಿಗೆ ಅಡ್ಡ ಇಟ್ಟದ್ದುಂಟು ಮಾರಾಯ್ರೆ. ಉಳಿದದ್ದು ತೋಡಿನಲ್ಲಿ ಹೋಯಿತು" ಅಂತ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡುವುದು?

ಈಚೆಗೆ ಪ್ಲಸ್ ಟು, ಡಿಗ್ರಿ ಮುಗಿಸಿದ ಮಕ್ಕಳು ಕೇಳುತ್ತಾರೆ: ಹೊಳೆ, ಕೆರೆ, ಅಂತರ್ಜಲ ಅಂತ ಓದಿದರೆ ಕೆಲಸ ಸಿಗುತ್ತದಾ? ಆಗೆಲ್ಲ ನನಗೆ ಈ ಹಲಗೆ ನೆನಪಾಗುತ್ತದೆ. ನೀರಿನ ಕೆಲಸ ನಮ್ಮಲ್ಲಿ ಬೇಕಾದಷ್ಟಿದೆ. ಆ ಕೆಲಸಕ್ಕೆ ಹುದ್ದೆ ಇಲ್ಲ. ಕಟ್ಟುವುದಕ್ಕೆ ದುಡ್ಡು, ಟೆಂಡರು, ಎಂಜಿನಿಯರು ಎಲ್ಲ ಇದ್ದಾರೆ. ಕಟ್ಟಿದ್ದನ್ನು ನೋಡಿಕೊಳ್ಳುವವರಿಗೆ, ನೀರನ್ನು ಅಳೆಯುವವರಿಗೆ ಸಂಬಳ ಹೋಗಲಿ, ಒಂದು ಹೆಸರೂ ಇಲ್ಲ.

ಮಳೆಗೆ ಕೊರತೆಯಿಲ್ಲ

ಕೇರಳದ 44 ಹೊಳೆಗಳಲ್ಲಿ 12 ಇರುವುದು ಕಾಸರಗೋಡು ಜಿಲ್ಲೆಯಲ್ಲಿ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಇವು ನಮ್ಮ ಕನ್ನಡ, ತುಳು ಮಾತಾಡುವ ಕಡೆಯವು. ದಕ್ಷಿಣಕ್ಕೆ ಹೋದರೆ ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು. ಇವುಗಳಲ್ಲಿ ಉದ್ದದ್ದು ಚಂದ್ರಗಿರಿ, ಸುಮಾರು 105 ಕಿಲೋಮೀಟರ್. ಮಂಜೇಶ್ವರ ಹೊಳೆ ಬರೀ 16 ಕಿಲೋಮೀಟರ್, ಇಡೀ ಕೇರಳದಲ್ಲೇ ಪುಟ್ಟದು. ಬಾಳೆಪುಣಿ ಗುಡ್ಡದಲ್ಲಿ ಹುಟ್ಟಿ, ಬೆಳಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮುಟ್ಟುವ ಹಾಗೆ ಸಮುದ್ರ ಸೇರುತ್ತದೆ.

ವರ್ಷಕ್ಕೆ ಇಲ್ಲಿ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಈ ಸಂಖ್ಯೆಯನ್ನು ಲೀಟರಿಗೆ ತಿರುಗಿಸಿ ನೋಡಿ. 100 ಚದರ ಮೀಟರಿನ ಒಂದು ಮಾಡಿನ ಮೇಲೆ ವರ್ಷಕ್ಕೆ 3 ಲಕ್ಷ ಲೀಟರ್. ಒಂದು ಎಕರೆ ಅಡಿಕೆ ತೋಟದ ಮೇಲೆ 1 ಕೋಟಿ 20 ಲಕ್ಷ ಲೀಟರ್. ಇಷ್ಟು ಬಿದ್ದೂ ಏಪ್ರಿಲ್‌ನಲ್ಲಿ ಪಂಚಾಯತಿನ ಟ್ಯಾಂಕರ್ ಬರುತ್ತದೆ ಅಂದರೆ ಹೊರಗಿನವರು ನಂಬುವುದಿಲ್ಲ.

ಕಾರಣ ಕಾಲಡಿಯಲ್ಲೇ ಇದೆ. ನಮ್ಮದು ಮುರಕಲ್ಲಿನ ನೆಲ. ಕಲ್ಲಿನ ತುಂಬ ತೂತು. ಬಿದ್ದ ನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬಂದು ತೋಡು ಸೇರುತ್ತದೆ. ಜೂನ್ ಕೊನೆಗೆ ತುಂಬಿ ತುಳುಕುವ ಬಾವಿ ಮಾರ್ಚಿಗೆ ತಳ ಕಾಣುತ್ತದೆ. ಘಟ್ಟದಿಂದ ಸಮುದ್ರಕ್ಕೆ ದೂರ ಕಡಿಮೆ, ಇಳಿಜಾರು ಜಾಸ್ತಿ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳಿಗೆ ನಾವು ನೆಲದೊಳಗಿನ ಉಳಿತಾಯ ತೆಗೆದು ಬದುಕುತ್ತೇವೆ. ಬೋರ್‌ವೆಲ್ ಬಂದ ಮೇಲೆ ಆ ಉಳಿತಾಯಕ್ಕೆ ಕೈ ಹಾಕುವುದು ಸುಲಭವಾಯಿತು. ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' ಪಟ್ಟಿಯಲ್ಲಿತ್ತು. ವರ್ಷಕ್ಕೆ ಇಂಗಿ ಸಿಗುವ ನೀರಿನಲ್ಲಿ 90ರಿಂದ 100 ಶೇಕಡ ಎತ್ತಿ ಆಯಿತು ಅಂತ ಅದರ ಅರ್ಥ. ಮಳೆನಾಡಿನ ಹಣೆಬರಹ ನೋಡಿ!

ಹೀಗಾಗಿ ಇಲ್ಲಿ ನೀರಿನ ಕೆಲಸ ಅಂದರೆ ನೀರು ಹುಡುಕುವುದಕ್ಕಿಂತ ಅದನ್ನು ತಡೆದು ನಿಲ್ಲಿಸುವುದು ಮುಖ್ಯ. ನಾಲ್ಕು ತಿಂಗಳ ನೀರನ್ನು ಇನ್ನೆರಡು ತಿಂಗಳು ನೆಲದಲ್ಲಿ ಉಳಿಸಿಕೊಂಡರೆ ಗೆದ್ದಂತೆ.

ಕಟ್ಟ ಕಟ್ಟಿದವರು, ಸುರಂಗ ಕೊರೆದವರು

ಈ ಕೆಲಸಕ್ಕೆ ಹಿಂದೆ ಜನ ಇದ್ದರು. ಅವರ ಕೈಯಲ್ಲಿ ಸರ್ಟಿಫಿಕೇಟು ಇರಲಿಲ್ಲ ಅಷ್ಟೆ.

ಕಟ್ಟವನ್ನೇ ತೆಗೆದುಕೊಳ್ಳಿ. ಮಳೆ ಹಿಂದಾದ ಮೇಲೆ ತೋಡಿಗೆ, ಹೊಳೆಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರ, ಸೊಪ್ಪು ಹಾಕಿ ಕಟ್ಟುವ ತಾತ್ಕಾಲಿಕ ಒಡ್ಡು ಅದು. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕಟ್ಟ ಹಾಕುವ ಪದ್ಧತಿ ದೂರದವರಿಗೂ ಗೊತ್ತು. ಒಂದು ಕಟ್ಟದಿಂದ ನೀರು ಜಿನುಗಿದರೆ ಕೆಳಗಿನ ಕಟ್ಟ ಹಿಡಿದುಕೊಳ್ಳುತ್ತದೆ. ನಿಂತ ನೀರು ಎರಡೂ ಕರೆಯ ಬಾವಿಗಳಿಗೆ ಒಳಗಿಂದೊಳಗೆ ಹೋಗುತ್ತದೆ. ಖರ್ಚನ್ನು ತೋಟದವರು ತೋಟದ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ. ಅಲ್ಲಿ ಎಂಜಿನಿಯರ್ ಅಂದರೆ ಊರಿನ ಒಬ್ಬ ಅನುಭವಿ. ಯಾವ ಜಾಗದ ತಳ ಗಟ್ಟಿ, ಯಾವ ದಿನ ಶುರು ಮಾಡಬೇಕು, ಮಣ್ಣು ಎಲ್ಲಿಂದ ತರಬೇಕು ಎಲ್ಲ ಅವರು ಹೇಳಿದಂತೆ. ಆ ತಿಳಿವಳಿಕೆ ಯಾವ ಪುಸ್ತಕದಲ್ಲೂ ಪೂರ್ತಿ ಇಳಿದಿಲ್ಲ. ವಾಣಿನಗರದ ಪತ್ರಕರ್ತ ಶ್ರೀ ಪಡ್ರೆಯವರಂಥವರು ಇದನ್ನು ವರ್ಷಗಟ್ಟಲೆ ಬರೆದು ಹೊರಜಗತ್ತಿಗೆ ಕಾಣಿಸದಿದ್ದರೆ ನಾವೇ ಮರೆತುಬಿಡುತ್ತಿದ್ದೆವೋ ಏನೋ.

ಸುರಂಗದ ಕೆಲಸ ಇನ್ನೂ ಕಷ್ಟದ್ದು. ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಲಾಗಿ, ಸ್ವಲ್ಪ ಏರು ಇಟ್ಟು ಕೊರೆಯುವುದು. ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ನೀರಿನ ಸೆಲೆ ಸಿಕ್ಕಿದರೆ ಅದು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಕೆಲವು ಸುರಂಗ ನೂರಾರು ಅಡಿ ಉದ್ದ ಇವೆ. ಒಳಗೆ ದೀಪ ಮಂಕಾದರೆ ಗಾಳಿ ಕಡಿಮೆ ಅಂತ ತಿಳಿದು ಹೊರಗೆ ಬರಬೇಕು. ಮುರಕಲ್ಲು ಇರುವವರೆಗೆ ಗೋಡೆ ನಿಲ್ಲುತ್ತದೆ. ಅದರಡಿಯ ಮೆತ್ತಗಿನ ಶೇಡಿ ಮಣ್ಣು ಸಿಕ್ಕಿತೋ, ಕುಸಿಯುವ ಭಯ. ಮಣ್ಣಿನ ತಂಪು, ಗುಡ್ಡದ ಮೇಲಿನ ಗಿಡ, ಪಿಕ್ಕಾಸು ಹೊಡೆದಾಗ ಬರುವ ಸದ್ದು ಇವೇ ಅವರ ಉಪಕರಣ.

ನಮ್ಮ ಗಡಿಯ ಆಚೆಗೇ ಇರುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಡಿಕೆ ಮರ ಏರುತ್ತಿದ್ದ ಕೂಲಿ ಕೆಲಸದವರು. ಬೋಳು ಗುಡ್ಡದಲ್ಲಿ ಸಿಕ್ಕಿದ ತುಂಡು ಜಾಗಕ್ಕೆ ನೀರು ತರಲು ಒಬ್ಬರೇ ಸುರಂಗ ಕೊರೆದರು. ಒಂದಾದ ಮೇಲೊಂದು ಬತ್ತಿದ ಸುರಂಗ ಬಂದರೂ ಬಿಡಲಿಲ್ಲ, ಕೊನೆಗೆ ನೀರು ಕಂಡರು. ಪ್ರಶಸ್ತಿ ಬಂದಾಗ ನಮಗೆಲ್ಲ ಖುಷಿಯಾಯಿತು. ಆದರೆ ಒಂದು ಮಾತು ಕೇಳಲೇಬೇಕು. ಅದೇ ಕೈಕೆಲಸ ಬಲ್ಲ ಇನ್ನೊಬ್ಬರಿಗೆ ಯಾವ ಇಲಾಖೆಯ ಪಟ್ಟಿಯಲ್ಲಿ ಜಾಗ ಇದೆ? ಹಳೆಯ ಸುರಂಗದ ಬಾಯಿ ಕುಸಿದರೆ ಸರಿಮಾಡಲು ಎಸ್ಟಿಮೇಟು ಮಾಡುವ ಕ್ರಮ ಎಲ್ಲಿದೆ? ಪ್ರಶಸ್ತಿ ಒಬ್ಬರಿಗೆ ಸಿಗುತ್ತದೆ, ಕಸುಬು ಎಲ್ಲರಿಗೂ ಬೇಕು.

ಕಸುಬು ಬಿಟ್ಟುಹೋದದ್ದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಎರಡು ದಿನದಲ್ಲಿ ಬೋರ್ ಕೊರೆದು ಹೋಗುವ ಲಾರಿ ಇರುವಾಗ ತಿಂಗಳುಗಟ್ಟಲೆ ಕತ್ತಲೆಯಲ್ಲಿ ಕೂತು ಕೊರೆಯಲು ಯಾರ ಮಗ ಒಪ್ಪುತ್ತಾನೆ? ನನ್ನ ಮಗನೂ ಒಪ್ಪುವುದಿಲ್ಲ. ಕಟ್ಟಕ್ಕೂ ಹಾಗೆ. ಕೂಲಿ ಏರಿತು, ತೋಟಗಳು ಪಾಲಾದವು, ನಾಲ್ಕು ಜನ ಒಟ್ಟಾಗುವುದು ಕಷ್ಟವಾಯಿತು. ಇದರ ನಡುವೆ ಚೆನ್ನಾಗಿ ಬದುಕಿದವರು ಬೋರ್ ಪಾಯಿಂಟ್ ನೋಡುವವರು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ, ಕಾಯಿ ನೆಟ್ಟಗಾದರೆ ನೀರು ಅನ್ನುತ್ತಾರೆ. ನೀರು ಸಿಕ್ಕಿದರೂ ಫೀಸು, ಸಿಗದಿದ್ದರೂ ಫೀಸು. ನೀರಿನ ಕ್ಷೇತ್ರದಲ್ಲಿ ಇಷ್ಟು ಭದ್ರತೆ ಇರುವ ಉದ್ಯೋಗ ಇನ್ನೊಂದಿಲ್ಲ ಅಂತ ನಾನು ತಮಾಷೆ ಮಾಡುವುದುಂಟು.

ಈಗ ಇರುವ ಹುದ್ದೆಗಳು

ಸರಕಾರದ ಕಡೆ ನೋಡಿದರೆ ನೀರು ಹತ್ತು ಕಡೆ ಹಂಚಿಹೋಗಿದೆ. ತೋಡಿಗೆ ಅಣೆಕಟ್ಟು ಕಟ್ಟುವುದು ಸಣ್ಣ ನೀರಾವರಿ ವಿಭಾಗ. ನಳ್ಳಿ ನೀರು ಕೊಡುವುದು ಕೇರಳ ವಾಟರ್ ಅಥಾರಿಟಿ. ಅದು ಹುಟ್ಟಿದ್ದು 1984ರಲ್ಲಿ, ನಮ್ಮ ಜಿಲ್ಲೆ ಹುಟ್ಟಿದ ವರ್ಷವೇ. ಬಾವಿ, ಬೋರಿನ ಜಾಗ ನೋಡುವುದು ಭೂಜಲ ಇಲಾಖೆ. ಗುಡ್ಡಕ್ಕೆ ಒಡ್ಡು ಹಾಕುವುದು ಮಣ್ಣು ಸಂರಕ್ಷಣೆಯವರು. ಮೀನು ಇನ್ನೊಬ್ಬರದು. ಇವೆಲ್ಲದರ ಜತೆಗೆ ಪಂಚಾಯತು, ಉದ್ಯೋಗ ಖಾತರಿ, 2016ರಲ್ಲಿ ಶುರುವಾದ ಹರಿತ ಕೇರಳ ಮಿಷನ್. ಒಂದೇ ತೋಡಿನ ನೀರಿಗೆ ಇಷ್ಟು ಜನ ಯಜಮಾನರು.

ಈ ಕಚೇರಿಗಳ ಒಳಗೆ ಹೋಗುವ ದಾರಿ ಹೊಸದೇನಲ್ಲ. ಬಿಟೆಕ್ ಸಿವಿಲ್ ಮಾಡಿದವರಿಗೆ ಕೇರಳ ಪಿಎಸ್‌ಸಿ ಮೂಲಕ ಅಸಿಸ್ಟೆಂಟ್ ಎಂಜಿನಿಯರ್. ಡಿಪ್ಲೊಮಾ, ಐಟಿಐ ಆದವರಿಗೆ ಓವರ್‌ಸಿಯರ್. ಕೇಂದ್ರದಲ್ಲಿ ನೋಡಿದರೆ ಕೇಂದ್ರ ಜಲ ಆಯೋಗಕ್ಕೆ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ, ಜೂನಿಯರ್ ಎಂಜಿನಿಯರ್ ಆಗಲು ಎಸ್‌ಎಸ್‌ಸಿ. ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿಯೇ ನಡೆಸುವ ಜಿಯೋ ಸೈಂಟಿಸ್ಟ್ ಪರೀಕ್ಷೆ. ಇವು ಕೋಚಿಂಗ್ ಸೆಂಟರಿನವರೂ ಹೇಳುತ್ತಾರೆ, ನಾನು ಉದ್ದ ಎಳೆಯುವುದಿಲ್ಲ.

ನಾನು ಹೇಳಬೇಕಾದ್ದು ಜಿಯಾಲಜಿಯ ಬಗ್ಗೆ. ನಮ್ಮ ಕಡೆ ಮಗು ಲೆಕ್ಕದಲ್ಲಿ ಜೋರಿದ್ದರೆ ಎಂಜಿನಿಯರಿಂಗ್, ಇಲ್ಲದಿದ್ದರೆ ಬಿಕಾಂ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಜಿಯಾಲಜಿ ವಿಭಾಗ ಇದೆ ಅಂತ ಎಷ್ಟು ಮನೆಗಳಲ್ಲಿ ಗೊತ್ತು? ಅದೇ ಆವರಣದಲ್ಲಿ ಕನ್ನಡ ಎಂಎ ಕೂಡ ಇದೆ. ಅದು ಗೊತ್ತು, ಇದು ಗೊತ್ತಿಲ್ಲ. ಮುರಕಲ್ಲಿನ ಜಿಲ್ಲೆಯಲ್ಲಿ ನೀರಿನ ವಿಷಯ ಅಂದರೆ ಅರ್ಧಕ್ಕಿಂತ ಜಾಸ್ತಿ ಕಲ್ಲಿನ ವಿಷಯ. ನೀರು ಎಲ್ಲಿ ಇಂಗುತ್ತದೆ, ಎಲ್ಲಿ ಸೋರಿಹೋಗುತ್ತದೆ, ಯಾವ ಗುಡ್ಡದಲ್ಲಿ ಇಂಗುಗುಂಡಿ ತೋಡಿದರೆ ಕೆಳಗೆ ಶೇಡಿ ಮಣ್ಣು ಜಾರುವ ಅಪಾಯ ಇದೆ ಅಂತ ಹೇಳಬಲ್ಲವರು ಜಿಯಾಲಜಿ ಓದಿದವರು. ಈ ಕೊನೆಯ ಮಾತು ಸಣ್ಣದಲ್ಲ. 'ಎಲ್ಲಿ ಬೇಕಾದರೂ ಇಂಗಿಸಿ' ಅನ್ನುವುದು ಒಳ್ಳೆಯ ಘೋಷಣೆ, ಇಳಿಜಾರಿನ ಗುಡ್ಡದಲ್ಲಿ ಕೆಟ್ಟ ಸಲಹೆ.

ಗಡಿಯ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ. ಮಂಜೇಶ್ವರದಿಂದ ಕೋಯಿಕ್ಕೋಡಿಗಿಂತ ಸುರತ್ಕಲ್ ಹತ್ತಿರ. ಅಲ್ಲಿಯ ಎನ್‌ಐಟಿಕೆಯಲ್ಲಿ ನೀರಿಗೂ ಸಮುದ್ರಕ್ಕೂ ಸೇರಿಸಿ ಒಂದು ವಿಭಾಗವೇ ಇದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದ್ದು, ದೇಶದಲ್ಲೇ ಮೊದಲನೆಯದು. ಕೆರೆ, ಹೊಳೆಯ ಮೀನು, ನೀರಿನ ಜೀವಿಗಳ ಬಗ್ಗೆ ಕಲಿಯುವವರಿಗೆ ಒಳ್ಳೆಯ ಜಾಗ. ಮನೆಮಾತು ಕನ್ನಡ, ತುಳು ಆಗಿರುವ ಕಾಸರಗೋಡಿನ ಮಕ್ಕಳಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರು ಅಂತ ಅರ್ಹತೆ ಸಿಗುವ ಒಂದು ನಿಯಮ ಇದೆ. ಎಷ್ಟೋ ಮನೆಯವರು ಅದನ್ನು ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಕೇಳಿ ತಿಳಿಯುತ್ತಾರೆ. ಕೇರಳದೊಳಗೆ ನೀರಿನ ಸಂಶೋಧನೆ ಅಂದರೆ ಕೋಯಿಕ್ಕೋಡಿನ ಸಿಡಬ್ಲ್ಯುಆರ್‌ಡಿಎಂ, ಅಂದರೆ ಜಲಸಂಪನ್ಮೂಲ ಅಭಿವೃದ್ಧಿ ಮತ್ತು ನಿರ್ವಹಣಾ ಕೇಂದ್ರ, 1978ರಲ್ಲಿ ಶುರುವಾದದ್ದು. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಕೈಗೆಟಕುವ ದೂರದಲ್ಲೇ ಇದೆ.

ಖಾಸಗಿಯಲ್ಲೂ ಕೆಲಸ ಇದೆ. ಹೆಚ್ಚಿನದು ಬೆಂಗಳೂರಿನಲ್ಲಿ. ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಘಟಕ ನಡೆಸುವುದು, ಕೆರೆ ಪುನಶ್ಚೇತನ, ಪರಿಸರ ಪರಿಣಾಮ ವರದಿ ಮಾಡುವ ಕನ್ಸಲ್ಟೆನ್ಸಿ. ಎಕರೆಗೆ ಕೋಟಿ ಲೀಟರ್ ಮಳೆ ಬೀಳುವ ಊರಿನ ಹುಡುಗ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕೊಳಚೆ ನೀರು ನೋಡಿಕೊಂಡು ಸಂಬಳ ತೆಗೆದುಕೊಳ್ಳುತ್ತಾನೆ. ಊರಿನ ತೋಡು ನೋಡಿಕೊಂಡರೆ ಯಾರೂ ಕೊಡುವುದಿಲ್ಲ. ಅವನದ್ದು ತಪ್ಪಲ್ಲ, ಅಲ್ವಾ?

ಅಳತೆ ಇಲ್ಲದ ಲೆಕ್ಕ

ನನ್ನ ಪ್ರಕಾರ ಇಲ್ಲಿಯ ದೊಡ್ಡ ಕೊರತೆ ಎಂಜಿನಿಯರ್ ಅಲ್ಲ. ಅಳೆಯುವ ಮನುಷ್ಯ.

ಚಂದ್ರಗಿರಿಗೆ ನೀರು ತರುವ ಪಯಸ್ವಿನಿ ಹೊಳೆಗೆ ಎರಿಂಜಿಪುಳದಲ್ಲಿ ಕೇಂದ್ರ ಜಲ ಆಯೋಗದ ಒಂದು ಅಳತೆ ಕೇಂದ್ರ ಇದೆ. ಇಂಥ ಕೇಂದ್ರಗಳಲ್ಲಿ ದಿನವೂ ಬೆಳಗ್ಗೆ 8 ಗಂಟೆಗೆ ನೀರಿನ ಮಟ್ಟ ನೋಡಿ ಬರೆಯುತ್ತಾರೆ. ನೆರೆ ಬಂದಾಗ ಗಂಟೆಗೊಮ್ಮೆ. ಮಟ್ಟ ಗೊತ್ತಾದರೆ ಎಷ್ಟು ನೀರು ಹೋಗುತ್ತಿದೆ ಅಂತ ಹೇಳಬಹುದು. ಅದಕ್ಕೆ ಮೊದಲು ಬೇರೆ ಬೇರೆ ಮಟ್ಟದಲ್ಲಿ ಹೊಳೆಯ ಅಗಲ, ಆಳ, ನೀರಿನ ವೇಗ ಅಳೆದು ಒಂದು ಪಟ್ಟಿ ಮಾಡಿರಬೇಕು. ಹೊಳೆಯ ತಳದ ಹೊಯ್ಗೆ (ಮರಳು) ತೆಗೆದರೆ ಆ ಪಟ್ಟಿ ಕೆಡುತ್ತದೆ, ಮತ್ತೆ ಅಳೆಯಬೇಕು. ಹೊಯ್ಗೆ ತೆಗೆಯುವುದನ್ನು ಹಿಡಿತದಲ್ಲಿಡಲು ಕೇರಳದಲ್ಲಿ 2001ರಿಂದಲೇ ಕಾನೂನು ಇದೆ. ಎಷ್ಟು ತೆಗೆಯಬಹುದು ಅಂತ ಹೇಳಲು ಮಾತ್ರ ಮತ್ತೆ ಅಳತೆಯೇ ಬೇಕು. ಚಂದ್ರಗಿರಿಯಂಥ ಹೊಳೆಗೆ ಹೀಗೆ ಬರೆದಿಡುವವರು ಇದ್ದಾರೆ. ಮನೆಯ ಹಿಂದಿನ ತೋಡಿಗೆ ಯಾರಿದ್ದಾರೆ? ಅಲ್ಲಿ ಅಣೆಕಟ್ಟು ಕಟ್ಟುವಾಗ ನೀರಿನ ಲೆಕ್ಕ ಅಂದರೆ ಹೆಚ್ಚಾಗಿ ಒಂದು ಅಂದಾಜು.

ಬಾವಿಗಳದ್ದೂ ಇದೇ ಕಥೆ. ಅಂತರ್ಜಲ ಮಂಡಳಿಯವರು ಆಯ್ದ ಬಾವಿಗಳ ಮಟ್ಟವನ್ನು ವರ್ಷಕ್ಕೆ 4 ಸಲ ಅಳೆಯುತ್ತಾರೆ. ದೇಶದ ಲೆಕ್ಕಕ್ಕೆ ಅದು ಸಾಕು. ಒಂದು ಬೈಲಿನ ಲೆಕ್ಕಕ್ಕೆ ಸಾಲದು. ನಮ್ಮ ಬಾವಿ ಒಂದು ವಾರದ ಮಳೆಗೆ ಏರುತ್ತದೆ, ಪಕ್ಕದ ಎರಡು ಬೋರು ಒಟ್ಟಿಗೆ ಓಡಿದರೆ ಇಳಿಯುತ್ತದೆ. ಇದನ್ನು ಬರೆದಿಟ್ಟರೆ ಮಾತ್ರ ಜಗಳ ಬಿಟ್ಟು ಮಾತಾಡಬಹುದು. ಗುಜರಾತ್, ರಾಜಸ್ಥಾನದ ಕೆಲವು ಹಳ್ಳಿಗಳಲ್ಲಿ ಊರಿನ ಯುವಕ, ಯುವತಿಯರಿಗೆ ಬಾವಿ ಅಳೆಯಲು, ಮಳೆ ಬರೆಯಲು ತರಬೇತಿ ಕೊಟ್ಟು 'ಭೂಜಲ ಜಾನ್‌ಕಾರ್' ಅಂತ ಹೆಸರು ಕೊಟ್ಟರು. ಅಂತರ್ಜಲ ಬಲ್ಲವರು ಅಂತ ಅರ್ಥ. 2019ರ ಕೊನೆಗೆ ಶುರುವಾದ ಅಟಲ್ ಭೂಜಲ ಯೋಜನೆಯಲ್ಲೂ ಊರಿನವರೇ ನೀರಿನ ಲೆಕ್ಕ ಇಡುವ ಆಲೋಚನೆ ಇತ್ತು. ಅದು 7 ರಾಜ್ಯಗಳಿಗೆ ಬಂತು. ಕರ್ನಾಟಕ ಅದರಲ್ಲಿತ್ತು, ಕೇರಳ ಇರಲಿಲ್ಲ. ಮಳೆ ಜಾಸ್ತಿ ಇರುವ ರಾಜ್ಯಕ್ಕೆ ಯಾಕೆ ಅಂತ ಅನ್ನಿಸಿರಬೇಕು. ಮಾರ್ಚಿನಲ್ಲಿ ಬಂದು ನೋಡಿದ್ದರೆ ಹಾಗೆ ಅನ್ನಿಸುತ್ತಿರಲಿಲ್ಲ.

ಅಳತೆ ಇಲ್ಲದಿದ್ದರೆ ಏನಾಗುತ್ತದೆ ಅಂತ ಕಾಸರಗೋಡು ಪೇಟೆಯವರಿಗೆ ಚೆನ್ನಾಗಿ ಗೊತ್ತು. ಪೇಟೆಗೆ ನೀರು ಬರುವುದು ಪಯಸ್ವಿನಿಯ ಬಾವಿಕ್ಕೆರೆಯಿಂದ. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದಾಗ ಭರತದ (ಉಬ್ಬರದ) ಜತೆ ಸಮುದ್ರದ ಉಪ್ಪು ಮೇಲೆ ಬರುತ್ತದೆ. ಅದನ್ನು ತಡೆಯಲು ವರ್ಷ ವರ್ಷವೂ ಹೊಯ್ಗೆ ಚೀಲದ ಒಡ್ಡು ಹಾಕುತ್ತಿದ್ದರು. ಒಡ್ಡು ಒಡೆಯಿತೋ, ನಳ್ಳಿಯಲ್ಲಿ ಉಪ್ಪುನೀರು. ಚಾ ಮಾಡಿದರೆ ಹಾಲು ಒಡೆಯುತ್ತಿತ್ತು. ಶಾಶ್ವತ ತಡೆಯಣೆ ಬಂದದ್ದು ಈಚೆಗೆ. ಒಳ್ಳೆಯದಾಯಿತು. ಆದರೆ ಶಟರ್ ಯಾವಾಗ ಇಳಿಸಬೇಕು, ಎಷ್ಟು ಇಳಿಸಬೇಕು ಅನ್ನುವುದು ಹೊಳೆಯಲ್ಲಿ ಉಪ್ಪು ಎಲ್ಲಿಯವರೆಗೆ ಬಂದಿದೆ ಅಂತ ದಿನವೂ ನೋಡುವವರು ಇದ್ದರೆ ಮಾತ್ರ ಸರಿಯಾಗುತ್ತದೆ. ಅದಕ್ಕೆ ಬೇಕಾದ್ದು ಅಂಗಿಯ ಜೇಬಿನಲ್ಲಿ ಹಿಡಿಯುವ ಒಂದು ಮೀಟರು, ಒಂದು ದೋಣಿ, ಒಂದು ಪುಸ್ತಕ. ಮತ್ತೆ, ರಜೆ ಹಾಕದ ಒಬ್ಬ ಮನುಷ್ಯ.

ನೀರಿನ ಗುಣ ನೋಡುವ ಕೆಲಸ ಎಷ್ಟು ಮುಖ್ಯ ಅಂತ ಕಾಸರಗೋಡಿಗೆ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿಯ ಸರಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ, ಸುರಂಗ, ತೆರೆದ ಬಾವಿ. ಎಣ್ಮಕಜೆಯ ಪಡ್ರೆ, ಸ್ವರ್ಗದ ಹೆಸರು ಜಗತ್ತಿಗೆ ಗೊತ್ತಾದದ್ದು ಹಾಗೆ. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಅಷ್ಟು ವರ್ಷ ಆ ತೋಡುಗಳ ನೀರನ್ನು ತಿಂಗಳಿಗೊಮ್ಮೆ ಬಾಟಲಿಯಲ್ಲಿ ತುಂಬಿ, ದಿನಾಂಕ ಬರೆದು, ಲ್ಯಾಬಿಗೆ ಕಳಿಸುವ ಒಬ್ಬರು ಊರಿನಲ್ಲಿ ಇದ್ದಿದ್ದರೆ ನೀರಿನಲ್ಲಿ ವಿಷ ಇತ್ತಾ ಇಲ್ಲವಾ ಅನ್ನುವ ವಾದ ಇಷ್ಟು ವರ್ಷ ಎಳೆಯುತ್ತಿರಲಿಲ್ಲ. ಇದು ನನ್ನ ಅನಿಸಿಕೆ. ಈಗ ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ಕಿಟ್ ಹಿಡಿದು ನೀರು ಪರೀಕ್ಷಿಸಲು ಕಲಿಸುವ ಏರ್ಪಾಡು ಇದೆ. ಒಳ್ಳೆಯ ಶುರು. ಆದರೆ ಆ ಕಿಟ್ಟು ಕೀಟನಾಶಕ ಹಿಡಿಯುವಂಥದ್ದಲ್ಲ, ಆ ಮಹಿಳೆಯರದ್ದು ಸಂಬಳದ ಕೆಲಸವೂ ಅಲ್ಲ. ಕೇರಳದ ಕಟ್ಟಡ ನಿಯಮದಲ್ಲಿ ಬಾವಿಗೂ ಕಕ್ಕಸು ಗುಂಡಿಗೂ 7.5 ಮೀಟರ್ ದೂರ ಇರಬೇಕು ಅಂತಿದೆ. ತೂತು ತೂತಿನ ಮುರಕಲ್ಲಿನಲ್ಲಿ ಅಷ್ಟು ಸಾಕಾ ಅಂತ ಹೇಳಲು ಕೂಡ ಯಾರಾದರೂ ಸುಮ್ನೆ ಕೂರದೆ ಬಾವಿ ಬಾವಿ ಪರೀಕ್ಷೆ ಮಾಡಬೇಕು.

ಒಂದು ಖುಷಿಯ ಸುದ್ದಿಯೂ ಇದೆ. ಚಂದ್ರಗಿರಿ ಹೊಳೆಯಲ್ಲಿ ಕ್ಯಾಂಟರ್ ಅನ್ನುವ ಅಪರೂಪದ ದೊಡ್ಡ ಆಮೆ ಮೊಟ್ಟೆ ಇಟ್ಟು ಮರಿ ಮಾಡುತ್ತಿದೆ ಅಂತ ಸಂಶೋಧಕರು ಕಂಡುಕೊಂಡರು. ಮೆತ್ತಗಿನ ಚಿಪ್ಪಿನ ಆಮೆ, ಹೆಚ್ಚು ಹೊತ್ತು ಹೊಯ್ಗೆಯೊಳಗೆ ಹುದುಗಿರುತ್ತದೆ. ಅವರು ಹೊಳೆಯಲ್ಲಿ ಬಲೆ ಹಾಕಿ ಹುಡುಕಿದ್ದಕ್ಕಿಂತ ಹೊಳೆಕರೆಯ ಜನರನ್ನು ಮಾತಾಡಿಸಿ ಕಲಿತದ್ದು ಜಾಸ್ತಿ. ಎಲ್ಲಿ ಕಂಡಿರಿ, ಯಾವ ತಿಂಗಳು, ಬಲೆಗೆ ಸಿಕ್ಕಿತಾ ಅಂತ ಕೇಳಿ ಕೇಳಿ ಬರೆದುಕೊಂಡರು. ನೆರೆ ಬಂದು ಗೂಡು ಮುಳುಗುವ ಹೊತ್ತಿಗೆ ಊರಿನವರೇ ಫೋನು ಮಾಡುವಂತಾಯಿತು. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಮರ, ಹೂ, ಹಕ್ಕಿ, ಪ್ರಾಣಿ ಅಂತ ಘೋಷಿಸಿದಾಗ ಈ ಆಮೆಯೂ ಆ ಪಟ್ಟಿಗೆ ಬಂತು. ಜೀವಶಾಸ್ತ್ರ ಓದುವ ಮಕ್ಕಳು ಇದನ್ನು ಗಮನಿಸಬೇಕು. ಹೊಳೆಯ ವಿಜ್ಞಾನದಲ್ಲಿ ಅರ್ಧ ಕೆಲಸ ಪ್ರಯೋಗಾಲಯದ್ದು, ಇನ್ನರ್ಧ ಜಗಲಿಯಲ್ಲಿ ಕೂತು ಮಾತಾಡುವುದು.

ಮಾತಾಡುವುದು ಅಂದಾಗ ಭಾಷೆಯ ವಿಷಯ ಬರುತ್ತದೆ. ನಮ್ಮ ತೋಡಿನ ದಾಖಲೆ ಮಲಯಾಳದಲ್ಲಿ, ವಿನ್ಯಾಸ ಇಂಗ್ಲಿಷಿನಲ್ಲಿ, ತೋಡಿನ ಬಗ್ಗೆ ಗೊತ್ತಿರುವವರ ಮಾತು ತುಳು, ಕನ್ನಡದಲ್ಲಿ. 1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ಸರಕಾರದ ಜತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆದರೆ ಹಕ್ಕಿನಿಂದ ಒರತೆಯ ಜಾಗ ತಿಳಿಯುವುದಿಲ್ಲ. ದೂರದ ಜಿಲ್ಲೆಯಿಂದ ವರ್ಗವಾಗಿ ಬಂದ ಯುವ ಅಧಿಕಾರಿ 'ಪಳ್ಳ', 'ಮದಕ' ಅನ್ನುವ ಮಾತು ಕೇಳಿ ಎರಡೂ ಕೆರೆ ಅಂತ ಬರೆದುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಮದಕ ಅಂದರೆ ಗುಡ್ಡದ ಮೇಲೆ ಮಳೆನೀರು ನಿಂತು ಕೆಳಗಿನ ಬೈಲಿಗೆಲ್ಲ ಇಂಗಲಿ ಅಂತ ಹಿರಿಯರು ಒಡ್ಡು ಹಾಕಿದ್ದು. ಅದನ್ನು ಸಾದಾ ಕೆರೆ ಅಂತ ತಿಳಿದು ತಳಕ್ಕೆ ಕಾಂಕ್ರೀಟು ಹಾಕಿದರೆ ನೋಡಲು ಚಂದ, ಬೈಲಿಗೆ ನೀರಿಲ್ಲ. ಹಾಗಾಗಿ ಎರಡು ಮೂರು ಭಾಷೆ ಬಲ್ಲ ನಮ್ಮ ಕಡೆಯ ಹುಡುಗ, ಹುಡುಗಿಯರಿಗೆ ಇಲ್ಲಿ ನಿಜವಾದ ಬೆಲೆ ಇದೆ. ಮಲಯಾಳ ಓದಲು ಬರೆಯಲು ಕಲಿಯಿರಿ ಅಂತ ನಾನು ಮುಲಾಜಿಲ್ಲದೆ ಹೇಳುತ್ತೇನೆ. ಕನ್ನಡದ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ.

ಹೊಳೆಗಳಿಗಂತೂ ಗಡಿಯೇ ಇಲ್ಲ. ಪಯಸ್ವಿನಿ ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯ ದಾಟಿ ಇಲ್ಲಿಗೆ ಬರುತ್ತದೆ. ಉಪ್ಪಳ ಹೊಳೆ ವೀರಕಂಬದ ಗುಡ್ಡದಿಂದ ಇಳಿಯುತ್ತದೆ. ಮೇಲೆ ಹಲಗೆ ಹಾಕಿದ ದಿನ ಕೆಳಗಿನವರಿಗೆ ಹೇಳುವ ಒಬ್ಬರು ಬೇಕು. ಅದಕ್ಕೂ ಹುದ್ದೆ ಇಲ್ಲ.

ಖರ್ಚು ದೊಡ್ಡದಾ? ಒಂದು ಪಂಚಾಯತಿಗೆ ಒಬ್ಬರು. ಕಿಂಡಿ ಅಣೆಕಟ್ಟುಗಳ ಪಟ್ಟಿ, ಹಲಗೆಗಳ ಎಣಿಕೆ, ಹಾಕಿದ ದಿನ, ತೆಗೆದ ದಿನ, ಹತ್ತಿಪ್ಪತ್ತು ಬಾವಿಗಳ ವಾರದ ಮಟ್ಟ, ಒಂದು ಮಳೆಮಾಪಕ. ಕೇರಳದ ಪಂಚಾಯತುಗಳಿಗೆ ನಿರ್ವಹಣೆಗೆ ಅಂತಲೇ ಬೇರೆ ಅನುದಾನ ಬರುತ್ತದೆ, ರಸ್ತೆಗೆ ಒಂದು, ರಸ್ತೆಯಲ್ಲದ್ದಕ್ಕೆ ಒಂದು. ಎರಡನೆಯದರಲ್ಲಿ ಶಾಲೆ, ಆಸ್ಪತ್ರೆ ಕಟ್ಟಡಗಳೂ ಪಾಲು ಕೇಳುತ್ತವೆ, ನಿಜ. ಆದರೂ ಹೊಸದಾಗಿ ಒಂದು ಅಣೆಕಟ್ಟು ಕಟ್ಟುವ ದುಡ್ಡಿನಲ್ಲಿ ಇಂಥ ಒಬ್ಬರಿಗೆ ಎಷ್ಟು ವರ್ಷ ಸಂಬಳ ಕೊಡಬಹುದು ಅಂತ ಗ್ರಾಮಸಭೆಯಲ್ಲಿ ಒಮ್ಮೆ ಲೆಕ್ಕ ಕೇಳಿ. ನಾನು ಕೇಳಿದೆ. "ಒಳ್ಳೆ ಸಲಹೆ, ಬರೆದುಕೊಳ್ಳುತ್ತೇವೆ" ಅಂದರು. ಬರೆದುಕೊಂಡರು ಕೂಡ.

ಕಳೆದ ಸಲ ನಾವು ಏಳು ಮನೆಯವರು ಸೇರಿ ನಮ್ಮ ಅಣೆಕಟ್ಟಿಗೆ ಹಲಗೆ ಹಾಕಿದೆವು. ಹಟ್ಟಿಯಲ್ಲಿದ್ದ ನಾಲ್ಕು ವಾಪಸ್ ಬಂದವು, ಒಂದಷ್ಟು ಹೊಸದು ಕೊಯ್ಯಿಸಿದೆವು. ಆದರೂ ಎರಡು ಕಿಂಡಿಗೆ ಸಾಲಲಿಲ್ಲ. ಆಚೆಕರೆಯ ಹಿರಿಯರು ಅಡಿಕೆ ಮರ ಸೀಳಿದ ಸಲಾಕೆ ತರಿಸಿ, ಒತ್ತೊತ್ತಾಗಿ ನಿಲ್ಲಿಸಿ, ಮಣ್ಣು ಮೆತ್ತುವುದು ಹೇಗೆ ಅಂತ ತೋರಿಸಿದರು. ಸಿವಿಲ್ ಡಿಪ್ಲೊಮಾ ಮುಗಿಸಿ ಪಿಎಸ್‌ಸಿಗೆ ಓದುತ್ತಿರುವ ಅವರ ಮೊಮ್ಮಗ ಮೊಣಕಾಲು ನೀರಿನಲ್ಲಿ ನಿಂತು ಫೋನಿನಲ್ಲಿ ಅದರ ವಿಡಿಯೋ ಮಾಡುತ್ತಿದ್ದ. "ವಿಡಿಯೋ ಸಾಕು, ಮಣ್ಣು ಕೊಡು" ಅಂತ ಅಜ್ಜ ಗದರಿದರು. ಫೆಬ್ರವರಿ ಮಧ್ಯದವರೆಗೂ ನೀರು ಕಿಂಡಿಯ ಮೇಲಿನ ಗೆರೆಯಲ್ಲೇ ಇತ್ತು. ಆಮೇಲೆ ಸಲಾಕೆಯ ಕಡೆಯಿಂದ ಸೋರಲು ಶುರುವಾಯಿತು.